ಒತ್ತುವ ಮೊದಲೇ ಬಂದ ಪುಟ

"ಕಾಲಿನ ಕಡೆ ಗಟ್ಟಿಯಾಗಿ ಹಿಡ್ಕೊಳ್ಳಿ, ತಿರುವು ಇಕ್ಕಟ್ಟು," ಎನ್ನುತ್ತ ವಕೀಲರೇ ತಲೆಯ ಕಡೆ ಭುಜ ಕೊಟ್ಟರು. ಹೆಣ ಮೆಟ್ಟಿಲಿಳಿಯುತ್ತಿತ್ತು, ಮಲಗಿದವರಿಗೆ ಲಿಫ್ಟಿನಲ್ಲಿ ಜಾಗವಿರಲಿಲ್ಲ.

ವ್ಯಾನಿಗೆ ಏರಿಸಿದ ಮೇಲೆ ಸತ್ತವನ ಅಕ್ಕ ವಕೀಲರ ತೋಳು ಹಿಡಿದಳು. ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದವಳು, ಮಹಾ ಮಾತುಗಾತಿ.

"ಕೇಸು ಬಿಡ್ಬೇಡಿ. ಕಂಪ್ಯೂಟರಲ್ಲಿ ಒತ್ತೋ ಮುಂಚೇನೇ ಮುಂದಿನ ಪುಟ ತಂದಿಡೋ ವಿದ್ಯೆ ನನ್ನ ತಮ್ಮಂದು. ಅದನ್ನ ಕದ್ದ ಆ ಕಂಪನಿಯವರು ಒಪ್ಪೋವರೆಗೂ ನಾನಿದೀನಿ. ಮುಂದಿನ ವಾಯಿದೆ ಯಾವಾಗ?"

"ಯಾವ ವಾಯಿದೆ ಅಮ್ಮ? ಪೇಟೆಂಟೇ ರದ್ದಾಗಿ ವರ್ಷಗಳೇ ಆಯ್ತಲ್ಲ."

"ಹೋದ ತಿಂಗಳೂ ಕೋರ್ಟಿಂದ ಸೀದಾ ನಮ್ಮನೆಗೆ ಬಂದ. ಮುಂದಕ್ಕೆ ಹಾಕಿದ್ರು ಅಂತ ಉಂಡು ಹೋದ."

"ಪೇಟೆಂಟಿಗೆ ಅರ್ಜಿ ಹಾಕೋಕೆ ಮುಂಚೇನೇ ಊರ ಜನ ನೋಡಿಬಿಟ್ಟಿದ್ರೆ ಅದು ಹೊಸದಲ್ಲ ಅಂತ ಕೋರ್ಟು ರದ್ದು ಮಾಡುತ್ತೆ. ಲೈಬ್ರರಿಲಿ…" ವಕೀಲರು ವ್ಯಾನಿನ ಪಕ್ಕ ನಿಂತಿದ್ದ ವಿಧವೆಯ ಮುಖ ನೋಡಿ ಮಾತು ನುಂಗಿದರು.

"ಗಾಡಿ ಹೊರಡುತ್ತೆ, ಹತ್ತಿ ಅತ್ತಿಗೆ," ಎಂದಳು ಅವಳು.

*

ವರ್ಷಗಳ ಹಿಂದೆ ಲೈಬ್ರರಿಯಲ್ಲಿ ಇಂಟರ್ನೆಟ್ಟಿನ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಓದುಗರು ಆಕಳಿಸಿ, ಪಕ್ಕದವರ ಸಂಸಾರವನ್ನೆಲ್ಲ ವಿಚಾರಿಸಿ ಮುಗಿಸುತ್ತಿದ್ದರು. ತಮ್ಮ ಬಂದು ಅಕ್ಕನ ಮೇಜಿನ ಕಂಪ್ಯೂಟರಿಗೆ ತನ್ನ ಪ್ರೋಗ್ರಾಂ ಹಾಕಿದ. ಓದುತ್ತಿರುವ ಪುಟದ ಕೊಂಡಿಗಳು ತೋರಿಸುವ ಪುಟಗಳನ್ನೆಲ್ಲ ಅದು ಸದ್ದಿಲ್ಲದೆ ಮೊದಲೇ ತಂದಿಟ್ಟುಕೊಳ್ಳುತ್ತಿತ್ತು.

"ಸದ್ಯಕ್ಕೆ ಯಾರಿಗೂ ತೋರಿಸ್ಬೇಡ ಕಣಕ್ಕ."

"ಹೋಗೋ! ನನ್ನ ತಮ್ಮನ್ನ ನಾನು ಹೊಗಳ್ದೆ ಇನ್ಯಾರು ಹೊಗಳ್ತಾರೆ?"

ಬಂದಬಂದವರನ್ನೆಲ್ಲ ಕರೆದು, ಕೂರಿಸಿ, ಒತ್ತಿಸಿ ತೋರಿಸಿದಳು. ಅವನು ಬಾಗಿಲಲ್ಲಿ ನಿಂತು, ಬೇಡವೆನ್ನಲೂ ಆಗದೆ, ಕಿವಿ ಕೆಂಪಾಗಿಸಿಕೊಂಡು ನಗುತ್ತಿದ್ದ.

*

ಚಿತಾಗಾರದ ಹೊರಗಿನ ಬೆಂಚಿನಲ್ಲಿ ಅಕ್ಕ, ವಿಧವೆ ಇಬ್ಬರೂ ಕೂತಿದ್ದರು.

"ನಾನು ಎಲ್ರಿಗೂ ತೋರಿಸಿದ್ದಕ್ಕೇ ಪೇಟೆಂಟ್ ಹೋಯ್ತು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಕ್ಕನ ಕಿವಿಗೆ ಬಿದ್ರೆ ಅವಳು ಉಳಿಯಲ್ಲ ಅಂತಿದ್ರು. ವಾಯಿದೆ ಅಂತ ಸುಳ್ಳು ಹೇಳಿ, ಇಸ್ತ್ರಿ ಶರಟು ಹಾಕ್ಕೊಂಡು ನಿಮ್ಮನೆಗೆ ಬರ್ತಿದ್ರು."

"ಒಂದು ಸಲ ನನ್ನ ಬೈಬೋದಿತ್ತಲ್ಲೇ."

ವಿಧವೆ ಅವಳ ಸೆರಗಿಗೆ ಅಂಟಿದ್ದ ಹೂವಿನ ಎಸಳು ತೆಗೆದುಹಾಕಿದಳು.

"ಬೈತಿದ್ರು ಅತ್ತಿಗೆ. ನನ್ನ ಮುಂದೆ. ದಿನಾ."

ಪಕ್ಕದಲ್ಲಿ ವ್ಯಾನಿನ ಚಾಲಕ ಫೋನು ಹಿಡಿದು ಕೂತಿದ್ದ. ಬೆರಳು ತಾಗಿತೋ ಇಲ್ಲವೋ, ಪುಟ ತೆರೆದುಕೊಳ್ಳುತ್ತಿತ್ತು, ಇನ್ನೊಂದು, ಮತ್ತೊಂದು.

"ಏನ್ ಸ್ಪೀಡಪ್ಪಾ ಇದು!" ಎಂದ, ಯಾರಿಗೆಂದಿಲ್ಲದೆ.

ಅಕ್ಕ ಥಟ್ಟನೆ ಅವನತ್ತ ತಿರುಗಿದಳು. ತುಟಿ ತೆರೆಯಿತು. ಚಿತಾಗಾರದೊಳಗೆ ಒಲೆಯ ಕಬ್ಬಿಣದ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಚಾಲಕ "ಏನಮ್ಮಾ?" ಎಂದು ಕೇಳಿದ. ಅವಳು ಎರಡೂ ಅಂಗೈಗಳಿಂದ ತನ್ನ ಬಾಯನ್ನು ಅದುಮಿ ಹಿಡಿದುಕೊಂಡಿದ್ದಳು.