ಧರ್ಮೇಂದ್ರಣ್ಣನ ಹೂಮಳೆ

ಚಾಮರಾಜಪೇಟೆಯ ಅಂಗಡಿ ರಸ್ತೆಯಲ್ಲಿ ನಡೆಯಲು ಜಾಗವಿಲ್ಲದಂತೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಅದರ ಮುಕ್ಕಾಲು ಭಾಗದಲ್ಲಿ ಕಪ್ಪು ಕನ್ನಡಕದ ಧರ್ಮೇಂದ್ರ ಹಲ್ಲು ಕಿರಿಯುತ್ತಿದ್ದ. ಸತ್ತ ಶಿವಶಂಕರನಿಗೆ ಮೂಲೆಯಲ್ಲಿ ಅಂಗೈಯಗಲ ಜಾಗ. ಅವನ ಹೆಂಡತಿ ಮುನಿರತ್ನಮ್ಮನಿಗೆ ನೋಡಿದೊಡನೆ ಮೈಯೆಲ್ಲ ಉರಿಯಿತು.

ಈ ಪುಢಾರಿ ಧರ್ಮೇಂದ್ರ ಜನ್ಮದಲ್ಲಿ ಒಂದು ಚುನಾವಣೆಯನ್ನೂ ಗೆದ್ದವನಲ್ಲ. ಆದರೂ ಹುಟ್ಟುಹಬ್ಬದ ಮೆರವಣಿಗೆಯ ಮೇಲೆ ಆಕಾಶದಿಂದ ಹೂಮಳೆ ಸುರಿಯಬೇಕೆಂಬ ಹುಚ್ಚು. ಊರಾಚೆ ಪುಟ್ಟ ವಿಮಾನವೊಂದನ್ನು ಬಾಡಿಗೆಗೆ ಹಿಡಿದು, ಹೂ ಎರಚಲು ಹೂವಿನ ವ್ಯಾಪಾರಿ ಶಿವಶಂಕರನನ್ನೇ ಅಟ್ಟಿದ. ಹೊರಡುವ ಮುಂಚೆ ಶಿವಶಂಕರ ಹೆಂಡತಿಗೆ ಫೋನ್ ಮಾಡಿದ್ದ.

"ರತ್ನಾ, ಹೂವು ಬಾಡ್ದೇ ಇರ್ಲಿ ಅಂತ ನೀರು ಹೊಡ್ದು ಮೂಟೆ ಕಲ್ಲಾಗೈತೆ. ಇಷ್ಟು ಭಾರ ಬೇಡ ಅಂತಾರೆ ಪೈಲಟ್ಟು. ಅಣ್ಣ ಫೋನಲ್ಲೇ ಬೈದು ಇನ್ನೂ ಹೇರಿಸ್ತಾವ್ರೆ. ಹೂವು ಸಾಲ್ದಿದ್ರೆ ಅವ್ರ ಮಾನ ಹೋಗತ್ತಂತೆ."

ವಿಮಾನದ ಮಾಲೀಕನಿಗೂ ಧರ್ಮೇಂದ್ರನ ಫೋನು ಹೋಯಿತು. ಮಾಲೀಕ ಗದರಿದ, ಪೈಲಟ್ ಬಾಯಿ ಮುಚ್ಚಿಕೊಂಡ. ನೆಲ ಬಿಟ್ಟ ವಿಮಾನ ಮರದೆತ್ತರವೂ ಏರದೆ ಒಂದು ಪಕ್ಕಕ್ಕೆ ವಾಲಿ, ಬೇಲಿಯಾಚೆ ಬಿದ್ದು ಹೊತ್ತಿಕೊಂಡಿತು. ಇಬ್ಬರೂ ಉಳಿಯಲಿಲ್ಲ. ಸುದ್ದಿ ಮುಟ್ಟಿದಾಗ ಧರ್ಮೇಂದ್ರ ಮೊದಲು ಕೇಕ್ ಕತ್ತರಿಸಿ, ಆಮೇಲೆ ಕಣ್ಣೊರೆಸಿಕೊಂಡ.

ಈಗ ಸಂತಾಪ ಸಭೆ. ವೇದಿಕೆ ಹತ್ತುವ ಮುಂಚೆ ಧರ್ಮೇಂದ್ರನ ಬಾಲ ಮುರುಗೇಶ ಮುನಿರತ್ನಮ್ಮನ ಕಿವಿಯಲ್ಲಿ ಪಾಠ ಹೇಳಿಕೊಟ್ಟ. "ಅಕ್ಕಾ, ಅಣ್ಣ ಬೇಡ ಅಂದ್ರೂ ನಮ್ಮನೆಯವ್ರೇ ಆಸೆಪಟ್ಟು ಮೂಟೆ ಹೇರ್ಕೊಂಡ್ರು ಅಂದ್ಬಿಡಿ. ಪೊಲೀಸ್ರ ಹತ್ರಾನೂ ಅದೇ ಮಾತು. ಮಿಕ್ಕಿದ್ದು ಅಣ್ಣ ನೋಡ್ಕೋತಾರೆ."

ಸುಟ್ಟು ಹೋದ ಗಂಡನ ತಲೆಗೇ ತಪ್ಪನ್ನೂ ಕಟ್ಟಲು ಹೊರಟಿದ್ದರು ಈ ನಾಚಿಕೆಗೆಟ್ಟವರು. ಮುನಿರತ್ನಮ್ಮ ಮೈಕ್ ಕಿತ್ತುಕೊಂಡಳು.

"ನನ್ ಗಂಡ ಆಸೆಪಟ್ಟು ಹೇರಿದ್ನಂತೆ. ಸುಳ್ಳು! ಪೈಲಟ್ಟು ಬೇಡ ಅಂದ್ರೂ ಹೇರ್ಸಿದ್ದು ಇವ್ನೇ. ಸಾಯೋ ಮುಂಚೆ ನನ್ ಗಂಡ ಫೋನಲ್ಲಿ ಹೇಳವ್ನೆ. ಇವ್ನ ಶೋಕಿಗೆ ಎರಡು ಜೀವ ಬೆಂದೋಯ್ತು. ಪೊಲೀಸ್ರ ಮುಂದೂ ಇದನ್ನೇ ಹೇಳ್ತೀನಿ!"

ಅಂಗಡಿಯವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಬಿರಿಯಾನಿ ಪೊಟ್ಟಣಕ್ಕೆ ಬಂದು ಕೂತಿದ್ದ ಮುಂದಿನ ಸಾಲಿನವರಿಗೆ ಗೊತ್ತಿದ್ದುದು ಒಂದೇ ಕೆಲಸ, ಮೈಕಿನ ಮಾತು ನಿಂತ ಕೂಡಲೇ ಚಪ್ಪಾಳೆ ತಟ್ಟುವುದು. ತಟ್ಟಿದರು. ನಿಲ್ಲಿಸಿರೆಂದು ಮುರುಗೇಶ ಕೈ ಬೀಸಿದ. ಸಾಲದು ಎನ್ನುತ್ತಿದ್ದಾನೆಂದುಕೊಂಡು ಇನ್ನೂ ಜೋರಾಗಿ ತಟ್ಟಿದರು.

ಚಪ್ಪಾಳೆ ಕೇಳಿದ್ದೇ ಧರ್ಮೇಂದ್ರ ಅಭ್ಯಾಸಬಲದಿಂದ ಎದ್ದು ನಿಂತು, ತಲೆಬಾಗಿ, ಎಲ್ಲರಿಗೂ ಕೈಮುಗಿದ.

"ಥೂ" ಎಂದಳು ಮುನಿರತ್ನಮ್ಮ. ಮೈಕ್ ಇನ್ನೂ ಅವಳ ಕೈಯಲ್ಲೇ ಇತ್ತು.