ಬೆಸುಗೆ ಕಾಣದ ಜಾಗ

"ಎಲ್ಲರೂ ಸ್ವಲ್ಪ ಗಲಾಟೆ ನಿಲ್ಸಿ! ಈಗ ನಮ್ಮಪ್ಪನ ಹಾಡು!" ಎಂದು ಕೂಗುತ್ತ ಮದುಮಗಳು ಅಪ್ಪನ ಕೈ ಹಿಡಿದು ಸಭಾಂಗಣದ ನಡುವಿಗೆ ಎಳೆತಂದಳು. ಊಟ ಮುಗಿಸಿ ಕುಣಿಯುತ್ತಿದ್ದವರು ಬದಿಗೆ ಸರಿದರು. ಅಪ್ಪ ನಾಚಿಕೊಂಡು ಕೋಟಿನ ಗುಂಡಿ ಹಾಕಿಕೊಂಡರು. ಮೂಲೆಯಲ್ಲಿದ್ದ ಡಿಜೆ ಹಾಡು ಹುಡುಕುತ್ತಿದ್ದ.

ಕಂಬದ ಪಕ್ಕ ಕೂತಿದ್ದ ಅವರ ಅಕ್ಕನ ಮಗಳು ತಟ್ಟನೆ ಡಿಜೆಯತ್ತ ನೋಡಿದಳು.

ಮಾವ ಜೀವಮಾನವಿಡೀ ಯಾರ್ಯಾರದೋ ಹಿಂದೆ ನಿಂತು ಕ್ಲಾರಿನೆಟ್ ನುಡಿಸಿದವರು. ಅವರ ಉಸಿರು ಧ್ವನಿಮುದ್ರಣದಲ್ಲಿ ಉಳಿದದ್ದು ಈ ಒಂದೇ ಹಾಡಿನಲ್ಲಿ. ಎರಡನೆಯ ಚರಣಕ್ಕೆ ಮುಂಚೆ ತಾಳವಾದ್ಯಗಳೆಲ್ಲ ಸುಮ್ಮನಾಗಿ, ಕ್ಲಾರಿನೆಟ್ ಒಂದೇ ಮೆಲ್ಲಗೆ ಮೇಲೇರುವ ತುಣುಕು. ಎಲ್ಲೂ ಹೆಸರು ಹಾಕಿರಲಿಲ್ಲ. ಅದು ಅವರದೆಂದು ಮನೆಯವರಿಗಷ್ಟೇ ಗೊತ್ತು.

ಅಕ್ಕನ ಮಗಳಿಗೆ ರೀಮಿಕ್ಸ್ ಕಂಪನಿಯಲ್ಲಿ ಕೆಲಸ. ಡಿಜೆಗಳು ತಿಂಗಳ ಚಂದಾ ಕಟ್ಟಿದರೆ ಕಂಪನಿ ಅವರಿಗೆ ಬೇಕಾದಂತೆ ಹಾಡುಗಳನ್ನು ಹದಮಾಡಿ ಕೊಡುತ್ತಿತ್ತು. ಒಂದು ಹಾಡು ಇನ್ನೊಂದರೊಳಕ್ಕೆ ಜಾರಿಕೊಳ್ಳಲೆಂದು ಹಿಂದೆ ಮುಂದೆ ಬರೀ ಡ್ರಮ್ ಸೇರಿಸುವುದು, ವೇಗ ಒಂದೇ ಸಮ ಮಾಡುವುದು, ಕುಣಿಯುವವರ ಕಾಲು ನಿಲ್ಲುವಂಥ ಜಾಗ ತೆಗೆದುಹಾಕುವುದು. ಹಳೆಯ ಹಾಡುಗಳ ಜೊತೆ ಮಾವನ ಹಾಡೂ ಒಮ್ಮೆ ಅವಳ ಪಾಲಿಗೆ ಬಂದಿತ್ತು.

"ಆ ಕ್ಲಾರಿನೆಟ್ ಬಂದಾಗ ಜನ ಕುರ್ಚಿಗೆ ಹೋಗ್ತಾರೆ. ಎತ್ತಿಬಿಡಿ," ಎಂದಿದ್ದರು ಮೇಲಿನವರು.

ಇದು ನಮ್ಮ ಮಾವ ನುಡಿಸಿದ್ದು ಎನ್ನಬಹುದಿತ್ತು. ನಗುತ್ತಾರೇನೋ ಎಂದು ಬಾಯಿ ಬಿಡಲಿಲ್ಲ. ಮೂಲ ಹಾಡೇನು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕತ್ತರಿ ಹಾಕಿದ್ದಳು.

ಸ್ಪೀಕರಿನಿಂದ ಡ್ರಮ್ ಹೊರಟಿತು. ಅವಳೇ ಕೂರಿಸಿದ ಡ್ರಮ್. ಕುರ್ಚಿಗಳನ್ನು ಸರಿಸಿಕೊಂಡು ಡಿಜೆಯ ಬಳಿ ಓಡಿದಳು.

"ಇದು ಬೇಡ, ಮೂಲ ಹಾಡು ಹಾಕಿ!"

"ನನ್ಹತ್ರ ಇರೋದು ಇದೊಂದೇ ಮೇಡಂ. ಎಲ್ಲಾ ಡಿಜೆಗಳ ಹತ್ರಾನೂ ಇದೇ ಇರೋದು."

"ಫೋನಲ್ಲಾದ್ರೂ ಹುಡ್ಕಿ..."

"ನಡುವೆ ನಿಲ್ಲಿಸಿದ್ರೆ ಮಜಾ ಹೋಗುತ್ತೆ," ಎಂದು ಅವನು ಮತ್ತೆ ಹೆಡ್‌ಫೋನ್ ಕಿವಿಗೇರಿಸಿಕೊಂಡ.

ಮೊದಲ ಚರಣ ಮುಗಿಯುತ್ತ ಬಂತು. ಮಾವ ಕಣ್ಣು ಮುಚ್ಚಿ, ಈಗ ಬರುತ್ತೆ ಎಂಬಂತೆ ಬೆರಳೆತ್ತಿದರು. ಬಂದದ್ದು ಎರಡನೆಯ ಚರಣ.

"ಅಪ್ಪಾ, ಎಲ್ಲಿ?" ಎಂದಳು ಮದುಮಗಳು.

"ಆವತ್ತು ಊದೋದೇ ಮರೆತುಬಿಟ್ರೇನೋ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಾವನೂ ನಕ್ಕು, ಎತ್ತಿದ ಬೆರಳಿನಲ್ಲೇ ತಾಳ ಹಾಕುತ್ತ ನಾಲ್ಕು ಹೆಜ್ಜೆ ಕುಣಿದು, ಜನರ ನಡುವಿನಿಂದ ನುಸುಳಿ ಬಂದು, ಕಂಬದ ಬಳಿಗೆ ಮರಳಿದ್ದ ಅಕ್ಕನ ಮಗಳಿಂದ ಒಂದು ಕುರ್ಚಿ ಬಿಟ್ಟು ಕೂತರು.

"ಕೇಳಿದ್ಯಾ ಪುಟ್ಟೀ? ಯಾರೋ ಕೆಲಸ ಬಲ್ಲೋರೇ ತೆಗ್ದಿದಾರೆ. ಹಾಡೋಳು ಉಸಿರು ತಗೊಳ್ಳೋ ಜಾಗ ನೋಡಿ ಜೋಡಿಸಿದಾರೆ. ಬೆಸುಗೆನೇ ಗೊತ್ತಾಗಲ್ಲ."

"ನಾನೇ ಮಾವ," ಎಂದಳು. "ಆ ಕೆಲಸ ನಂದೇ. ಗೊತ್ತಿದ್ದೇ ಮಾಡ್ದೆ."

ಅವರು ತಿರುಗಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಹೊತ್ತು ಹಿಡೀತು?"

"ಟೀ ಆರೋ ಅಷ್ಟು ಹೊತ್ತು."

"ನಂಗೆ ಆವತ್ತು ಬೆಳಗ್ಗೆಯಿಂದ ಸಂಜೆವರೆಗೂ ಹಿಡೀತು. ತುಟಿ ಊದ್ಕೊಂಡಿತ್ತು. ನಿಮ್ಮತ್ತೆ ಪಾಪ, ಹೊರಗೆ ಬೆಂಚ್ ಮೇಲೆ ಕಾಯ್ಕೊಂಡು ಕೂತಿದ್ಲು."

"ಇನ್ನೊಂದ್ಸಲ ಮಾಡ್ತೀನಿ ಮಾವ. ಅದನ್ನ ಇಟ್ಟೇ ಮಾಡ್ತೀನಿ."

"ಯಾರು ಹಾಕ್ತಾರೆ ಅದನ್ನ? ಕುಣಿಯೋರಿಗಲ್ಲ ಅದು," ಎಂದು ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದರು. "ಬೀಗರ ಅಜ್ಜೀನ ಕಾರು ಹತ್ತಿಸಿ ಬರೋದ್ರೊಳಗೆ ಹಾಡು ಮುಗಿದೇ ಹೋಯ್ತಾ? ನಿಮ್ಮದು ಚೆನ್ನಾಗಿ ಕೇಳಿಸ್ತೇನ್ರೀ?"

ಮಾವ ಅವಳತ್ತ ಕೈ ತೋರಿಸಿ, "ಇವಳನ್ನೇ ಕೇಳು. ಕಿವಿ ಇರೋಳು," ಎಂದರು.

ಅತ್ತೆಯ ಮುಖ ಅವಳತ್ತ ತಿರುಗಿತು.

"ಚೆನ್ನಾಗಿತ್ತು ಅತ್ತೆ," ಎಂದಳು.

"ನಂಗ್ಗೊತ್ತಿತ್ತು," ಎಂದು ಅತ್ತೆ ಇಬ್ಬರ ನಡುವಿನ ಕುರ್ಚಿಯಲ್ಲಿ ಕುಸಿದು, ಬಾತುಕೊಂಡ ಕಾಲನ್ನು ಮುಂದಕ್ಕೆ ಚಾಚಿದರು. ಹೊಸ ಚಪ್ಪಲಿಯ ಪಟ್ಟಿ ಬಿಗಿದು ಕೂತಿತ್ತು. ಮಾವ ನೆಲಕ್ಕೆ ಮಂಡಿಯೂರಿ, ತಲೆ ತಗ್ಗಿಸಿ, ಅದನ್ನು ನಿಧಾನವಾಗಿ ಬಿಚ್ಚತೊಡಗಿದರು.