ಡೆಲ್ಬರ್ಟನ ಅಪ್ಪನ ಗದ್ದೆ

ಸಾಲೆಹಾ ತೆನೆಯೊಂದನ್ನು ಕಿತ್ತು ಎರಡು ಅಂಗೈಗಳ ನಡುವೆ ಉಜ್ಜಿದಳು. ಹೊಟ್ಟನ್ನು ಊದಿ ಹಾರಿಸಿ, ಉಳಿದ ಕಾಳುಗಳಲ್ಲಿ ಒಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಕಟ್ ಎಂದು ಒಡೆಯಿತು. ಗಂಡ ಹೀಗೆ ಮಾಡುವುದನ್ನು ವರ್ಷಗಟ್ಟಲೆ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ತಾನೇ ಮಾಡಿದ್ದು ಇದೇ ಮೊದಲು.

"ಭಾಭಿ, ಎಂತ ಮಾಡ್ತಾ ಇದ್ದೀರಿ ಅಲ್ಲಿ? ಒಳಗೆ ಬನ್ನಿ."

ಹಿತ್ತಿಲ ಬಾಗಿಲಲ್ಲಿ ಮೈದುನ ಮುನವ್ವರ್ ನಿಂತಿದ್ದ. ಅಣ್ಣ ಅಯ್ಯೂಬನ ಸುದ್ದಿ ಕೇಳಿ ಜಿದ್ದಾದಿಂದ ಮೊದಲ ವಿಮಾನ ಹಿಡಿದು ಬಂದಿದ್ದ. ಅಯ್ಯೂಬ್ ಹಿಂದಿನ ದಿನ ಮಧ್ಯಾಹ್ನ ಇದೇ ಹೊಲದ ಅಂಚಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು, ಸಂಜೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದ. ಬೆಳಿಗ್ಗೆ ಸಾಲೆಹಾಳನ್ನು ಕರೆದೊಯ್ದು ಮುಖ ತೋರಿಸಿದ್ದರು. ಅವನ ಹುಬ್ಬಿನಲ್ಲಿ ಗೋಧಿಯ ಹೊಟ್ಟಿನ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಅದನ್ನು ತೆಗೆಯಲು ಅವಳಿಗೆ ಮನಸ್ಸಾಗಿರಲಿಲ್ಲ. ಮಧ್ಯಾಹ್ನದ ಝುಹರ್ ನಮಾಝಿನ ನಂತರ ಅಲ್ ಖರ್ಜ್ ಪೇಟೆಯ ಮಸೀದಿಯಲ್ಲಿ ಜನಾಝಾ ಪ್ರಾರ್ಥನೆ, ಆಮೇಲೆ ದಫನ ಎಂದು ತೀರ್ಮಾನವಾಗಿತ್ತು.

"ಒಣಗಿದೆ," ಎಂದಳು ಸಾಲೆಹಾ. "ಇವತ್ತೇ ಕೊಯ್ಯಬೇಕು."

"ಮಯ್ಯತ್ ಇರುವ ದಿನ ಗೋಧಿ ಮಾತು ಎಂತಕ್ಕೆ ಭಾಭಿ? ಕೇಳಿದವರು ಏನಂದಾರು?"

ಅವಳು ಪಶ್ಚಿಮಕ್ಕೆ ನೋಡಿದಳು. ಅಲ್ಲಿ ಆಕಾಶದ ಬುಡ, ಒಲೆಯ ಮೇಲೆ ಬಹಳ ಹೊತ್ತು ಬಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಗಾಗಿತ್ತು. ಸಂಜೆಗೆ ಗುಡುಗು, ಆಲಿಕಲ್ಲು ಎಂದು ಎಲ್ಲರ ಫೋನುಗಳಿಗೂ ಎಚ್ಚರಿಕೆ ಬಂದಿತ್ತು. ಮರಳಿನ ನಡುವೆ ದುಂಡಗೆ ಹರಡಿದ್ದ ಹೊಲದಲ್ಲಿ ಗೋಧಿ ಗಾಳಿ ಇಲ್ಲದೆ ನಿಂತಿತ್ತು. ನೀರು ಚಿಮ್ಮಿಸುವ ಉದ್ದನೆಯ ಕೊಳವೆ ಸಾಲು ಚಕ್ರಗಳ ಮೇಲೆ ಸುಮ್ಮನೆ ಒರಗಿದಂತಿತ್ತು. ವಾರದ ಹಿಂದೆ ಅದನ್ನು ಅಯ್ಯೂಬನೇ ನಿಲ್ಲಿಸಿದ್ದ.

ಇದು ಅವನ ಮೊದಲ ಸ್ವಂತ ಬೆಳೆ. ದೊಡ್ಡ ಫಾರ್ಮಿನ ಕೆಲಸದಿಂದ ನಿವೃತ್ತನಾದ ಮೇಲೆ, ಪಕ್ಕದ ಹೊಲದ ಮುದುಕ ಅಬೂ ನಾಸರ್ ತನ್ನ ಜಾಗದಲ್ಲಿ ಅರ್ಧ ಪಾಲಿಗೆ ಬೆಳೆದುಕೋ ಎಂದಿದ್ದರು. ಇಬ್ಬರೂ ಕೈಕುಲುಕಿದ್ದರು, ಅಷ್ಟೇ.

ಒಳಗೆ ಮಗಳು ಅಫ್ರಾ ಫೋನ್ ಕೆಳಗಿಟ್ಟಳು. ದಮ್ಮಾಮಿನಿಂದ ಗಂಡನೊಡನೆ ರಾತ್ರಿಯೇ ಬಂದವಳ ಕಣ್ಣು ಬಾತುಕೊಂಡಿತ್ತು.

"ಕಂಟ್ರಾಕ್ಟ್ ಹಾರ್ವೆಸ್ಟರಿನವನು ಶುಕ್ರವಾರದ ತನಕ ಆಗುದಿಲ್ಲ ಅಂದ ಅಮ್ಮಾ. ಎಲ್ಲರೂ ಮಳೆಗೆ ಮೊದಲು ತಮ್ಮ ತಮ್ಮದನ್ನು ಕೊಯ್ತಿದ್ದಾರಂತೆ. ಅಬ್ಬಾನ ಫೋನಿನಲ್ಲಿ ಎಲ್ಲ ಫಾರ್ಮಿನವರ ನಂಬರ್ ಉಂಟು. ಕೇಳ್ತೇನೆ. ಪ್ಲೀಸ್."

"ಬೇಡ."

"ಯಾಕೆ? ಇಷ್ಟು ವರ್ಷ ಅಬ್ಬಾ ಅವರ ಹೊಲಕ್ಕೆಲ್ಲ ಹೋಗಿಲ್ವಾ? ಕೇಳಿದ್ರೆ ಬರ್ತಾರೆ."

"ಕೇಳಿದ್ರೆ ಬರ್ತಾರೆ. ಅದು ನನಗೂ ಗೊತ್ತು," ಎಂದಳು ಸಾಲೆಹಾ. ಮುಷ್ಟಿಯಲ್ಲಿದ್ದ ಕಾಳುಗಳನ್ನು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಹಾಕಿದಳು. ಡಬ್ಬಿಯ ಮೇಲ್ಗಡೆ, ಗೋಡೆಗೆ, ಒಂದು ಹಳೆಯ ಫೋಟೊ ತೂಗುತ್ತಿತ್ತು.

* * *

ಆ ಫೋಟೊ ಮನೆಗೆ ಬಂದಾಗ ಅಫ್ರಾ ಇನ್ನೂ ತೊಟ್ಟಿಲಲ್ಲಿದ್ದಳು. ಸಾಲೆಹಾ ಭಟ್ಕಳದಿಂದ ಈ ಮರಳುನಾಡಿಗೆ ಬಂದು ವರ್ಷ ಕಳೆದಿರಲಿಲ್ಲ. ಅವಳ ಮನೆತನದವರೆಲ್ಲ ಜವಳಿ ವ್ಯಾಪಾರಿಗಳು. ಟ್ರ್ಯಾಕ್ಟರ್ ಓಡಿಸುವವನಿಗೆ ಕೊಟ್ಟರಲ್ಲ ಎಂದು ಚಿಕ್ಕಮ್ಮಂದಿರು ಅತ್ತಿದ್ದರು.

ಅಯ್ಯೂಬ್ ದುಡಿಯುತ್ತಿದ್ದ ಫಾರ್ಮಿನ ಮ್ಯಾನೇಜರ್ ಡೆಲ್ಬರ್ಟ್ ಎಂಬ ಅಮೆರಿಕನ್. ನೆಬ್ರಾಸ್ಕಾ ಎಂಬಲ್ಲಿಯವನು. ಮರಳಿನ ರಸ್ತೆಯಲ್ಲಿ ಎದುರಿಗೆ ಯಾರು ಬಂದರೂ, ಗುರುತಿರಲಿ ಇಲ್ಲದಿರಲಿ, ಸ್ಟೇರಿಂಗಿನ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದ. ಮುಖ ತಿರುಗಿಸುತ್ತಿರಲಿಲ್ಲ. ನಮ್ಮಲ್ಲಿ ಹೀಗೇ, ರಸ್ತೆಯಲ್ಲಿ ಕಂಡವನು ನಾಳೆ ಹಸು ಕಳೆದುಹೋದರೆ ಹುಡುಕಿಕೊಡುವವನು, ಎನ್ನುತ್ತಿದ್ದನಂತೆ. ಅಯ್ಯೂಬನಿಗೂ ಆ ಬೆರಳು ಅಂಟಿಕೊಂಡಿತು.

"ಅವರ ದೇಶದ ವಿಷಯ ಕೇಳು," ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಶುರುಮಾಡುತ್ತಿದ್ದ. "ಮದುವೆ ದಿನವನ್ನೂ ಕೊಯ್ಲು ನೋಡಿ ಇಡ್ತಾರಂತೆ. ಡೆಲ್ಬರ್ಟನ ಅಣ್ಣ ಶಿಕಾಗೋದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಈಗಲೂ ಬೆಳಿಗ್ಗೆ ಐದಕ್ಕೆ ಏಳ್ತಾನಂತೆ, ಕರೆಯಲಿಕ್ಕೆ ಒಂದು ದನ ಇಲ್ಲದಿದ್ದರೂ."

"ಹುಚ್ಚರು," ಎಂದು ಸಾಲೆಹಾ ನಗುತ್ತಿದ್ದಳು.

ಒಂದು ಸಂಜೆ ಅವನು ನಗಲಿಲ್ಲ. ಕೈ ತೊಳೆಯದೆ ಬಂದು ಫೋಟೊ ಅವಳ ಮುಂದೆ ಹಿಡಿದ. ಒಂದು ದೊಡ್ಡ ಹೊಲ. ಅದರಲ್ಲಿ ಕೊಯ್ಲು ಯಂತ್ರಗಳು, ಒಂದರ ಹಿಂದೆ ಒಂದು, ಓರೆ ಸಾಲಿನಲ್ಲಿ, ದೂರ ಹೋದಂತೆ ಆಟಿಕೆಯಷ್ಟು ಸಣ್ಣದಾಗುತ್ತ.

"ಡೆಲ್ಬರ್ಟನ ಅಪ್ಪ ತೀರಿಕೊಂಡರು. ಗೋಧಿ ಹಣ್ಣಾಗಿ ನಿಂತಿತ್ತಂತೆ. ಇವನಿಗೆ ಹೋಗಲಿಕ್ಕೆ ಆಗಲಿಲ್ಲ. ದಫನ ಮಾಡಿ ಅವನ ಅಮ್ಮ ಮನೆಗೆ ಬಂದು ನೋಡ್ತಾರೆ, ಇಷ್ಟೂ ಜನ ಹೊಲದಲ್ಲಿದ್ದಾರೆ. ತಮ್ಮ ಹೊಲ ಬಿಟ್ಟು ಬಂದವರು. ಡೀಸೆಲ್ ಅವರದ್ದೇ, ಬುತ್ತಿ ಅವರದ್ದೇ. ಕೊಯ್ದು ಹಾಕಿ ಹೋದರು."

"ಯಾರು ಕರೆದರು?"

"ನಾನೂ ಅದನ್ನೇ ಕೇಳಿದೆ. ಯಾರೂ ಕರೆಯಲಿಲ್ಲ ಅಂದ. ಕರೆಯುವ ತನಕ ಕಾದರೆ ನೆರೆಯವರು ಅಂತ ಯಾಕೆ ಹೇಳುದು ಅಂತ ನನ್ನನ್ನೇ ಕೇಳಿದ." ಅಯ್ಯೂಬ್ ಫೋಟೊವನ್ನು ಬೆಳಕಿಗೆ ತಿರುಗಿಸಿದ. "ನಮ್ಮಲ್ಲಿ ಸಾವಿನ ಮನೆಗೆ ಅನ್ನ ತರ್ತಾರೆ. ಅವರಲ್ಲಿ ಮೆಶಿನ್ ತರ್ತಾರೆ. ಎರಡೂ ಒಂದೇ ಅಲ್ವಾ ಸಾಲೆಹಾ?"

ಒಂದು ಪ್ರತಿ ಬೇಕೆಂದು ಬೇಡಿ, ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿದ. ಯಾರದೋ ಅಪ್ಪನ ಗದ್ದೆ ನಮ್ಮ ಗೋಡೆಗೆ ಎಂತಕ್ಕೆ ಎಂದು ಅವಳು ವರ್ಷಕ್ಕೊಮ್ಮೆ, ಧೂಳು ಒರೆಸುವಾಗ, ಗೊಣಗುತ್ತಿದ್ದಳು.

* * *

ಬಾಸಿಲ್ ಮತ್ತು ಅವನ ಹೆಂಡತಿ ಎವ್ಲಿನ್ ದೊಡ್ಡ ಪಾತ್ರೆಯಲ್ಲಿ ಅನ್ನ, ಕೋಳಿ ಸಾರು ಹಿಡಿದುಕೊಂಡು ಬಂದರು. ಬಾಸಿಲ್ ಉಡುಪಿ ಕಡೆಯವನು, ಫಾರ್ಮಿನ ವರ್ಕ್‌ಶಾಪಿನಲ್ಲಿ ಅಯ್ಯೂಬನ ಜೊತೆ ಮುದುಕನಾದವನು.

"ಒಲೆ ಹಚ್ಚಬೇಡಿ ಭಾಭಿ, ನಿಮ್ಮಲ್ಲಿ ಮೂರು ದಿನ ಹಚ್ಚುದಿಲ್ಲ ಅಂತ ಅವನೇ ಹೇಳಿದ್ದ," ಎಂದ ಬಾಸಿಲ್. ಪಾತ್ರೆ ಕೆಳಗಿಟ್ಟ. "ಪುಣ್ಯಾತ್ಮ, ಮೊನ್ನೆ ಮೆಶಿನ್ನಿನ ಬೆಲ್ಟ್ ಬದಲಿಸುವಾಗ ನನಗೇ ಬೈದಿದ್ದಾನೆ. ಈಗ ನೋಡಿದ್ರೆ..."

ಮುನವ್ವರ್ ಅವನನ್ನು ಬದಿಗೆ ಕರೆದ. ಪಿಸುಮಾತು ಅಡುಗೆಮನೆಗೆ ಕೇಳುತ್ತಿತ್ತು.

"ಅಣ್ಣನ ತಲೆಗೆ ಆ ಅಮೆರಿಕದವನು ತುಂಬಿದ್ದು. ನಮ್ಮ ವ್ಯಾಪಾರಕ್ಕೆ ಬಾ ಅಂತ ಎಷ್ಟು ಸಲ ಕರೆದೆ! ಈಗ ಭಾಭಿಯೂ ಹಾಗೇ ಕೂತಿದ್ದಾರೆ. ಇದು ನೆಬ್ರಾಸ್ಕಾವಾ? ಇಲ್ಲಿ ಕರೆಯದೆ ಯಾರು ಬರ್ತಾರೆ?"

"ಗೊತ್ತಿಲ್ಲ," ಎಂದ ಬಾಸಿಲ್. "ಇವತ್ತು ಎಲ್ಲರಿಗೂ ಅವರವರದ್ದೇ ಉಂಟು."

ಗಂಡಸರು ಮಸೀದಿಗೆ ಹೊರಟರು. ಸಾಲೆಹಾ, ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ಬಿಳಿ ದುಪಟ್ಟಾ ಹೊದ್ದು ಕಿಟಕಿಯ ಬಳಿ ಕೂತಳು. ಝುಹರಿನ ಬಾಂಗ್ ಕೇಳಿದಾಗ ಎದ್ದು ನಮಾಝ್ ಮಾಡಿದಳು. ಮುಗಿಸಿ ತಿರುಗಿದರೆ ಗೋಧಿ ಅಲ್ಲೇ ಇತ್ತು. ಹೊಂಬಣ್ಣ ಬೂದುಬಣ್ಣವಾಗತೊಡಗಿತ್ತು. ಕಪ್ಪು ಮೋಡ ಸೂರ್ಯನ ಹತ್ತಿರಕ್ಕೆ ಬಂದಿತ್ತು.

* * *

ಕೆಲವು ವರ್ಷಗಳ ಹಿಂದೆ, ಒಂದು ಈದಿನ ಬೆಳಿಗ್ಗೆ, ಸಾಲೆಹಾ ಬಿರಿಯಾನಿಯ ದಮ್ ಬಿಚ್ಚುವಾಗ ಅಯ್ಯೂಬ್ ಹೊಸ ಅಂಗಿ ಕಳಚಿ ಕೆಲಸದ ಬಟ್ಟೆ ಹಾಕಿಕೊಳ್ಳುತ್ತಿದ್ದ.

"ಸುಡಾನಿನ ಇದ್ರೀಸ್ ಕಾಲು ಮುರಿದುಕೊಂಡಿದ್ದಾನೆ. ಅವನ ಕುದುರೆಮೆಂತ್ಯದ ಮೇವಿನ ಹುಲ್ಲು ಕೊಯ್ದದ್ದು ಹೊಲದಲ್ಲೇ ಬಿದ್ದಿದೆ. ಇವತ್ತು ಕಟ್ಟದಿದ್ದರೆ ಎಲೆ ಎಲ್ಲ ಪುಡಿ."

"ಅವನು ಕರೆದನಾ?"

"ಇಲ್ಲ."

ಮೊದಮೊದಲು ಅವನೊಬ್ಬನೇ ಹೋಗುತ್ತಿದ್ದ. ಫಾರ್ಮಿನ ಯಂತ್ರ ಒಯ್ದದ್ದಕ್ಕೆ ಅದರ ಯಜಮಾನರು ಬೈದಿದ್ದರು. ಆಮೇಲೆ ತಾವೇ ಡೀಸೆಲ್ ತುಂಬಿಸಿ ಕಳಿಸತೊಡಗಿದ್ದರು. ಪಾಕಿಸ್ತಾನದವರು, ಈಜಿಪ್ಟಿನವರು, ಕೆಲವೊಮ್ಮೆ ಜೊತೆಯಾಗುತ್ತಿದ್ದರು. ಕಾನೂನುಗಳು ಡೆಲ್ಬರ್ಟನವು: ಕರೆಯುವ ಮೊದಲು ಹೋಗಬೇಕು, ಬುತ್ತಿ ನಾವೇ ಒಯ್ಯಬೇಕು, ಆ ಮನೆಯ ನೀರನ್ನೂ ಕುಡಿಯಬಾರದು, ಥ್ಯಾಂಕ್ಸ್ ಹೇಳಲು ಬರುವ ಮೊದಲು ಹೊರಡಬೇಕು. ಡೆಲ್ಬರ್ಟ್ ಊರಿಗೆ ಮರಳಿ ಎಷ್ಟೋ ವರ್ಷವಾಗಿತ್ತು.

ಅಂದು ಸಾಲೆಹಾಳಿಗೆ ತಡೆಯಲಾಗಲಿಲ್ಲ. "ನಾಳೆ ನಮಗೇ ಏನಾದ್ರೂ ಆದ್ರೆ ಯಾರು ಬರ್ತಾರೆ, ನಾನೂ ನೋಡ್ತೇನೆ."

ಅಯ್ಯೂಬ್ ಬಾಗಿಲಲ್ಲಿ ನಿಂತ. ಅವನಿಗೆ ಸಿಟ್ಟು ಬಂದಿರಲಿಲ್ಲ. "ಬರ್ತಾರಾ ಇಲ್ವಾ ಅಂತ ನೋಡಿ ಹೋಗುವುದಲ್ಲ ಅದು," ಎಂದ. "ಬಂದರೆ, ನನಗೊಮ್ಮೆ ಹೇಳು."

ಬಿರಿಯಾನಿ ಸಂಜೆಯ ತನಕ ತಣ್ಣಗೆ ಕೂತಿತ್ತು. ಅವಳೂ ತಿಂದಿರಲಿಲ್ಲ.

* * *

ಮೊದಲು ಮುನವ್ವರನ ಕಾರು ಬಂತು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಅವನ ಉದ್ದನೆಯ ಬಿಳಿ ನಿಲುವಂಗಿ, ತೋಬಿನ, ಮೊಣಕಾಲಿನಲ್ಲಿ ಗೋರಿಯ ಮಣ್ಣಿತ್ತು.

"ಚೆನ್ನಾಗಿ ಆಯ್ತಾ?" ಎಂದಳು ಸಾಲೆಹಾ.

"ಆಯ್ತು ಭಾಭಿ. ಅಣ್ಣನನ್ನು ಇಳಿಸುವಾಗ ಕೈ ಜೋಡಿಸಲಿಕ್ಕೆ ನಾನು ತಾನು ಅಂತ ಜಗಳ." ಅವನು ಮುಖ ಒರೆಸಿಕೊಂಡ. "ಮಸೀದಿ ಹೊರಗೆ ದೊಡ್ಡ ದೊಡ್ಡ ಮೆಶಿನ್‌ಗಳು ಸಾಲಾಗಿ ನಿಂತಿದ್ದವು. ರಸ್ತೆ ಕೆಲಸದವರು ಅಂತ ಮಾಡಿದೆ ನಾನು. ಕಾರಿಗೆ ಜಾಗ ಇಲ್ಲ, ತೆಗೀರಿ ಅಂತ ಬೈದೆ. ಒಬ್ಬ ಕುಂಟುವವನು ನನ್ನ ಕೈ ಹಿಡಿದು, 'ಮಆಲೇಶ್, ಬೇಸರ ಮಾಡಬೇಡಿ, ನಮಾಝ್ ಮುಗಿಸಿ ತೆಗೀತೇವೆ' ಅಂದ. ನಮಾಝ್ ಮುಗಿದ ಮೇಲೆ ನೋಡ್ತೇನೆ, ಮಯ್ಯತ್ತಿಗೆ ಹೆಗಲು ಕೊಟ್ಟವನು ಅವನೇ."

"ಮೆಶಿನ್ ಯಾವ ಬಣ್ಣ?" ಎಂದಳು ಅಫ್ರಾ, ಎದ್ದು ನಿಂತು.

"ಹಸಿರು. ಒಂದೆರಡು ಹಳದಿ. ಎದುರಿಗೆ ದೊಡ್ಡ ಬಾಚಣಿಗೆಯ ಹಾಗೆ..."

ಅವನ ಮಾತು ಮುಗಿಯುವ ಮೊದಲೇ ಡಬ್ಬಿಯ ಮುಚ್ಚಳದ ಮೇಲಿದ್ದ ಕಾಳುಗಳು ಸಣ್ಣಗೆ ಕುಣಿಯತೊಡಗಿದವು. ಸಾಲೆಹಾ ಅವನ್ನೇ ನೋಡಿದಳು. ಆಮೇಲೆ ನೆಲದ ನಡುಕ ಪಾದಕ್ಕೆ ತಗಲಿತು, ಆಮೇಲೆ ಸದ್ದು.

ಗೋರಿಸ್ಥಾನದ ರಸ್ತೆಯಿಂದ ಧೂಳು ಏಳುತ್ತಿತ್ತು. ಧೂಳಿನೊಳಗಿಂದ ಮೊದಲ ಹಾರ್ವೆಸ್ಟರ್ ಹೊರಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೊನೆಯಲ್ಲಿ ಲಾರಿಗಳು, ಅವುಗಳಲ್ಲಿ ತಮ್ಮದನ್ನು ಅಬೂ ನಾಸರ್ ತಾವೇ ಓಡಿಸಿಕೊಂಡು ಬಂದರು. ಯಾರೂ ಮನೆಯ ಬಾಗಿಲಿಗೆ ಬರಲಿಲ್ಲ, ಯಾರೂ ಕೇಳಲಿಲ್ಲ. ಇದ್ರೀಸನ ಯಂತ್ರ ನೇರ ಹೊಲಕ್ಕಿಳಿಯಿತು. ಉಳಿದವು ಅದರ ಎಡಬದಿಗೆ, ಒಂದಿಷ್ಟು ಹಿಂದೆ ಹಿಂದೆ, ಓರೆಯಾಗಿ ಸಾಲುಗೊಂಡು ಹೊಲದ ಅಂಚಿನ ಸುತ್ತ ಹೊರಟವು.

ಅಫ್ರಾ ಗೋಡೆಯ ಫೋಟೊ ನೋಡಿದಳು, ಕಿಟಕಿ ನೋಡಿದಳು, ಮತ್ತೆ ಫೋಟೊ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಬಾಸಿಲ್ ಓಡಿ ಬಂದ. "ಇದ್ರೀಸ್ ಈಗ ಕೆಲಸ ಮಾಡುವ ಫಾರ್ಮಿನಲ್ಲಿ ಅರ್ಧ ಬೆಳೆ ಇನ್ನೂ ನಿಂತಿದೆ ಭಾಭಿ! ಅವರ ಮ್ಯಾನೇಜರೇ ಹೋಗು ಅಂದನಂತೆ. ನಮ್ಮದಕ್ಕೂ ಮಳೆ ಬಂದರೆ ಬರಲಿ, ಇವತ್ತು ಅಯ್ಯೂಬ್ ಭಾಯಿದು ಅಂತ."

"ಅವರಿಗೆ ಅನ್ನ ಬಡಿಸಿ ಬಾಸಿಲ್. ಎವ್ಲಿನ್ ತಂದದ್ದು ಅಷ್ಟೊಂದು ಉಂಟು."

"ಕೇಳಿ ಆಯ್ತು. ನೀರು ಕೂಡ ಬೇಡವಂತೆ. ಬುತ್ತಿ ಉಂಟಂತೆ." ಬಾಸಿಲ್ ನಕ್ಕ, ನಗುತ್ತ ಅತ್ತ. "ಸಾಯ್ಲಿ ಅವನ ಕಾನೂನು!"

ಮುನವ್ವರ್ ಹಿತ್ತಿಲಿಗೆ ಇಳಿದು ಹೊಲದ ಅಂಚಿನ ತನಕ ಹೋದ. ಮಕ್ಕಾಕ್ಕೆ ನೂರಾರು ಸಲ ಹೋಗಿ ತವಾಫಿನ ಸುತ್ತು ಹಾಕಿ ಬಂದವನು ಅವನು. ದೊಡ್ಡ ಯಂತ್ರಗಳು ಸುತ್ತಿನ ಮೇಲೆ ಸುತ್ತು ಒಳಮುಖವಾಗಿ ಬರುವುದನ್ನು ನೋಡುತ್ತ ನಿಂತ. ತೋಬಿನ ಮೇಲೆಲ್ಲ ಹೊಟ್ಟು ಬಂದು ಕೂತರೂ ಕೊಡವಿಕೊಳ್ಳಲಿಲ್ಲ. ಬಾಸಿಲ್ ಲಾರಿಯ ಹಿಂಬಾಗಿಲು ಎಳೆಯಲು ಕಷ್ಟಪಡುವುದು ಕಂಡು, ತೋಳು ಮಡಚಿ ಹೋಗಿ ಕೈ ಜೋಡಿಸಿದ.

ಸಾಲೆಹಾ ಕಿಟಕಿಯಿಂದ ಏಳಲಿಲ್ಲ. ಗೋಧಿಯ ವೃತ್ತ ಚಿಕ್ಕದಾಗುತ್ತ ಬಂತು, ತಟ್ಟೆಯಷ್ಟು, ಆಮೇಲೆ ಒಂದು ಬಟ್ಟಲಿನಷ್ಟು. ಇಳಿಹೊತ್ತಿನ ಅಸರ್ ನಮಾಝ್ ಕಳೆದು ಬಹಳ ಹೊತ್ತಾದ ಮೇಲೆ ಅದೂ ಇಲ್ಲವಾಯಿತು. ಮೊದಲ ತಣ್ಣನೆ ಗಾಳಿ ಬೀಸಿತು. ಲಾರಿಗಳ ಮೇಲೆ ತಾಡಪಾಲು ಎಳೆದು ಕಟ್ಟಿದರು.

"ಅಮ್ಮಾ, ಹೋಗ್ತಿದ್ದಾರೆ. ಏನಾದ್ರೂ ಹೇಳ್ಬೇಕಲ್ವಾ?"

ಯಂತ್ರಗಳು ಅಡುಗೆಮನೆಯ ಮುಂದಿನ ಮಣ್ಣುರಸ್ತೆಯಲ್ಲೇ ಹೊರಟವು. ಎತ್ತರದ ಗಾಜಿನ ಕೋಣೆಯಲ್ಲಿ ಇದ್ರೀಸ್ ಕೂತಿದ್ದ. ವಿಧವೆಯ ಮನೆಯ ಕಿಟಕಿಯತ್ತ ಅವನು ಮುಖ ತಿರುಗಿಸಲಿಲ್ಲ. ದಾಟುವಾಗ ಸ್ಟೇರಿಂಗಿನ ಮೇಲಿಂದ ಅವನ ಒಂದು ಬೆರಳು ಮೇಲೆದ್ದು, ಇಳಿಯಿತು. ಅವನ ಹಿಂದಿನವನದೂ ಎದ್ದಿತು. ಅವನ ಹಿಂದಿನವನದೂ.

ಕಿಟಕಿಯ ಸರಳು ಹಿಡಿದಿದ್ದ ಸಾಲೆಹಾಳ ಕೈಯಿಂದ ಒಂದು ಬೆರಳು ಮೇಲೆದ್ದಿತು. ಕೊನೆಯ ಯಂತ್ರ ಧೂಳಿನಲ್ಲಿ ಮರೆಯಾಗುವ ತನಕ ಅದು ಹಾಗೇ ಇತ್ತು.

"ಬಂದರು," ಎಂದಳು ಅವಳು, ಮೆಲ್ಲಗೆ. ಅಫ್ರಾಳಿಗೆ ಹೇಳಿದ್ದಾಗಿರಲಿಲ್ಲ.

ಹೊರಗೆ ಮೊದಲ ಆಲಿಕಲ್ಲು ಬಿತ್ತು. ಆಮೇಲೆ ಒಮ್ಮೆಲೇ ಆಕಾಶವೆಲ್ಲ ಸುರಿಯಿತು. ಹೊಡೆಯಲು ಒಂದು ತೆನೆಯೂ ಸಿಗದೆ, ಬಿಳಿಯ ಕಲ್ಲುಗಳು ಬೋಳು ಕೂಳೆಯ ಮೇಲೆ ಪುಟಿದು, ಉರುಳಿ, ಆ ದೊಡ್ಡ ವೃತ್ತದ ತುಂಬ ಹೊಳೆಯುತ್ತ ಬಿದ್ದುಕೊಂಡವು.